ಎಡಗಡೆಯ ಬೆಸುಗೆ

ಪಾದರಸ ಎಂದು ಅವಳಿಗೆ ಹೆಸರಿಟ್ಟದ್ದು ಅಣ್ಣನೇ. ಫ್ರಾಕು ತೊಡುವ ವಯಸ್ಸಿನಲ್ಲಿ ಇಟ್ಟ ಹೆಸರು. ಈಗ ತಲೆಯಲ್ಲಿ ಕಪ್ಪಿಗಿಂತ ಬಿಳಿಯೇ ಹೆಚ್ಚಾದರೂ ಅದು ಅವಳನ್ನು ಬಿಟ್ಟಿಲ್ಲ. ಬಿಡುವುದಾದರೂ ಹೇಗೆ? ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಹಲ್ಲಿನ ಡಾಕ್ಟರುಗಳು ಕಳಿಸಿದ ಅಚ್ಚು ನೋಡಿ ಹಲ್ಲುಸೆಟ್ಟು, ಹಲ್ಲಿನ ತಂತಿ ಮಾಡಿಕೊಡುವ ಸಣ್ಣ ಲ್ಯಾಬು ಅವಳದು. ಎರಡು ಕೋಣೆ, ಒಂದು ಕಿಟಕಿ. ಆ ಎರಡು ಕೋಣೆಯೊಳಗೇ ಅವಳು ಬೆಳಗಿನಿಂದ ಸಂಜೆಯವರೆಗೆ ನಡೆಯುವ ನಡಿಗೆಯನ್ನು ರಸ್ತೆಯ ಮೇಲೆ ನಡೆದಿದ್ದರೆ ಇಷ್ಟು ಹೊತ್ತಿಗೆ ಸಮುದ್ರ ಸಿಕ್ಕಿರುತ್ತಿತ್ತು. ಫೋನಿನಲ್ಲಿ ಮಾತಾಡುತ್ತ ನಡೆಯುತ್ತಾಳೆ, ಟೀ ಕುಡಿಯುತ್ತ ನಡೆಯುತ್ತಾಳೆ. ಬೆಸುಗೆಯ ಐರನ್ ಕೈಗೆ ಬಂದಾಗ ಮಾತ್ರ ಆ ಕೈ ಒಂದು ನಿಲ್ಲುತ್ತದೆ. ಆಗಲೂ ಮೇಜಿನ ಕೆಳಗೆ ಕಾಲು ಕುಣಿಯುತ್ತಲೇ ಇರುತ್ತದೆ.

ಆ ಬುಧವಾರ ಅಣ್ಣ ಲ್ಯಾಬಿಗೆ ಬಂದ. ಹಿಂದೆಯೇ ಅತ್ತಿಗೆ. ಅಣ್ಣನ ಕೈಯಲ್ಲಿ ಹಳೆಯ ಬನಿಯನ್ನಿನಲ್ಲಿ ಸುತ್ತಿದ ಗಂಟೊಂದಿತ್ತು. ಅದನ್ನು ಅವನು ಹಿಡಿದುಕೊಂಡ ರೀತಿ ನೋಡಿಯೇ ಒಳಗೇನಿದೆ ಎಂದು ಅವಳಿಗೆ ಗೊತ್ತಾಯಿತು. ಹಳದಿ.

ಹಳದಿ ಎಂದರೆ ಅಣ್ಣನ ಸ್ಲಾಟ್ ಕಾರು. ಅಂಗೈಯಗಲದ ಓಟದ ಗಾಡಿ. ಮರದ ಹಲಗೆಯ ಟ್ರ್ಯಾಕಿನಲ್ಲಿ ಕೊರೆದ ಸೀಳಿನೊಳಗೆ ಮೂಗು ತೂರಿಸಿಕೊಂಡು, ಸೀಳಿನ ಎರಡು ಪಕ್ಕದ ಲೋಹದ ಪಟ್ಟಿಯಿಂದ ಕರೆಂಟು ಕುಡಿಯುತ್ತ ಓಡುತ್ತದೆ. ಓಡಿಸುವವನ ಕೈಯಲ್ಲಿರುವುದು ಒಂದು ಒತ್ತುಗುಂಡಿ ಅಷ್ಟೇ. ಒತ್ತಿದಷ್ಟು ವೇಗ, ಬಿಟ್ಟರೆ ನಿಧಾನ. ತಿರುವಿನಲ್ಲಿ ಬಿಡುವುದು ಕಣ್ಣೆವೆ ಬಡಿಯುವಷ್ಟು ತಡವಾದರೆ ಗಾಡಿ ಸೀಳಿನಿಂದ ಹಾರಿ ಬೀಳುತ್ತದೆ. ಮಕ್ಕಳಾಟ ಎಂದುಕೊಂಡವರು ಅಣ್ಣನೆದುರಿಗೆ ಹಾಗೆ ಒಂದು ಸಲ ಹೇಳಿ ನೋಡಲಿ! ಮೇಲಿನ ಬಣ್ಣದ ಹೊದಿಕೆ ಯಾರು ಬೇಕಾದರೂ ಮಾಡಬಹುದು. ಜೀವವಿರುವುದು ಕೆಳಗಿನ ಚಾಸಿಯಲ್ಲಿ. ಹಿತ್ತಾಳೆಯ ಪಟ್ಟಿ, ಉಕ್ಕಿನ ತಂತಿ, ಅವೆರಡನ್ನು ಅಲ್ಲಲ್ಲಿ ಕೂಡಿಸುವ ಬೆಸುಗೆ, ಇಷ್ಟೇ. ಅಣ್ಣ ಆ ಚಾಸಿಯನ್ನು ತಾನೇ ಕೈಯಾರೆ ಕಟ್ಟಿದ್ದ, ಯೌವನದಲ್ಲಿ. ಕ್ಲಬ್ಬಿನ ಹಳೆಯ ಗಾಡಿಗಳ ಓಟದಲ್ಲಿ ಅದನ್ನು ಸೋಲಿಸಿದವರಿಲ್ಲ.

"ಮೇಜಿನ ಅಂಚಿನಿಂದ ಬಿತ್ತು," ಎಂದ ಅಣ್ಣ.

"ಬಿತ್ತು ಅಲ್ಲ, ಬೀಳಿಸಿದ್ರು," ಎಂದರು ಅತ್ತಿಗೆ. "ಅಂಚು ಕಾಣ್ಲಿಲ್ಲ ಇವರಿಗೆ."

ಅಣ್ಣನ ಎರಡೂ ಕಣ್ಣಿನ ನಡುಮಧ್ಯಕ್ಕೆ ಮಸುಕು ಬಂದಿತ್ತು. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಭುಜ ಕಾಣುತ್ತದೆ, ಮುಖದ ಜಾಗದಲ್ಲಿ ಹೊಗೆ. ಹೋದದ್ದು ವಾಪಸ್ಸು ಬರುವುದಿಲ್ಲ, ಆದರೆ ತಪ್ಪದೆ ಕಣ್ಣಿಗೆ ಸೂಜಿ ಹಾಕಿಸಿಕೊಂಡರೆ ಉಳಿದದ್ದಾದರೂ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಂದು ಸಲ ಹಾಕಿಸಿಕೊಂಡ. ಎರಡನೇ ಸಲಕ್ಕೆ ಆಸ್ಪತ್ರೆಯ ಮೆಟ್ಟಿಲಿನಿಂದಲೇ ತಿರುಗಿ ಬಂದ. ಲಿಫ್ಟ್ ಮೆಕ್ಯಾನಿಕ್ ಆಗಿ ಎಷ್ಟೋ ಅಂತಸ್ತಿನ ಪಾಳುಬಾವಿಯಂಥ ಕಂಡಿಗಳಲ್ಲಿ ನೇತಾಡಿದ ಮನುಷ್ಯ, ಅಷ್ಟುದ್ದದ ಸೂಜಿಗೆ ಹೆದರಿಬಿಟ್ಟಿದ್ದ. ಹೆದರಿದೆ ಎಂದು ಹೇಳಲಿಕ್ಕೆ ಬಾಯಿ ಬರಬೇಕಲ್ಲ! "ನನ್ನ ಕಣ್ಣು ಸರಿಯಾಗೇ ಇದೆ, ಸರಿಯಿಲ್ದಿದ್ರೆ ಗಾಡಿ ಓಡ್ಸೋಕಾಗುತ್ತಾ?" ಎಂದು ಹಿಡಿದ ಹಟ ಬಿಡಲಿಲ್ಲ. ಕೊನೆಗೆ ಅತ್ತಿಗೆ ಅದೇ ಮಾತನ್ನು ಹಿಡಿದುಕೊಂಡರು.

"ಭಾನುವಾರ ಓಟ. ಐದು ಸುತ್ತೂ ಒಂದ್ಸಲವೂ ಬೀಳಿಸದೆ ಓಡಿಸಿದ್ರೆ ಸೂಜಿ ಮಾತು ನಾನೆತ್ತಲ್ಲ. ಬಿತ್ತು ಅಂದ್ರೆ ಸೋಮವಾರ ಬಾಯಿ ಮುಚ್ಕೊಂಡು ಆಸ್ಪತ್ರೆಗೆ ಬರ್ಬೇಕು. ಒಪ್ಕೊಂಡಿದಾರೆ."

"ಇದೆಂಥ ಪಂದ್ಯ ಅತ್ತಿಗೆ? ಕಣ್ಣಿನ ಜೊತೆ ಆಟ ಆಡ್ತಾರಾ ಯಾರಾದ್ರೂ?"

"ಏನ್ ಮಾಡ್ಲಿ ಹೇಳು. ಬೇರೆ ಯಾವ ಮಾತಿಗೂ ಬಗ್ಗೋ ಪ್ರಾಣಿ ಅಲ್ಲ ನಿಮ್ಮಣ್ಣ."

ಅಣ್ಣ ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲ ಎನ್ನುವಂತೆ ಗಂಟು ಬಿಚ್ಚಿದ. ಹಿಂದಿನ ಚಕ್ರಗಳ ಅಚ್ಚು ಹಾಯುವ ಕೊಳವೆ ಒಂದು ಪಕ್ಕ ಕಿತ್ತುಬಂದಿತ್ತು. ಅದನ್ನು ಹೆಬ್ಬೆರಳಿನಿಂದ ಮುಟ್ಟಿ ತೋರಿಸಿದ. "ಇದೊಂದು ಬೆಸುಗೆ. ಇದೊಂದೇ. ಬೇರೆ ಯಾವುದಕ್ಕೂ ಕೈ ಹಾಕ್ಬೇಡ. ಐರನ್ ಬೇಗ ಎತ್ಬೇಡ. ನಿನ್ನ ಕೈಗೆ ಮೊದಲಿಂದಲೂ ತಾಳ್ಮೆ ಇಲ್ಲ."

ಹಲ್ಲು ಕಟ್ಟಿ ಕಟ್ಟಿಯೇ ಜೀವನ ಮಾಡಿದವಳಿಗೆ ಇದನ್ನು ಹೇಳುತ್ತಾನೆ! ಬೆಸುಗೆ ಕಲಿಸಿದ್ದು ಅವನೇ, ನಿಜ. ಅವಳು ಜಡೆ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ. ಆದರೆ ಕಲಿಸಿದ ಮೇಲೆ ಒಂದು ದಿನವಾದರೂ ತನ್ನ ಚಾಸಿಯ ಹತ್ತಿರ ಬಿಟ್ಟುಕೊಂಡಿದ್ದನೇ? ಊರಲ್ಲಿ ಎಲ್ಲರ ಬಾಯಿಗೂ ಅವಳ ಬೆಸುಗೆ ಹಿಡಿಯುತ್ತಿತ್ತು, ಅಣ್ಣನ ಕಣ್ಣಿಗೆ ಮಾತ್ರ ಹಿಡಿಯುತ್ತಿರಲಿಲ್ಲ. ಅವಳು ತುಟಿ ಕಚ್ಚಿಕೊಂಡು, "ಆಯ್ತು, ಇಟ್ಟು ಹೋಗು," ಎಂದಳು.

ಕೊಳವೆಯ ಬೆಸುಗೆ ಮುಗಿಯಲು ಹೊತ್ತು ಹಿಡಿಯಲಿಲ್ಲ. ಆದರೆ ಮುಗಿದ ಮೇಲೆ ಚಾಸಿಯನ್ನು ಬೆಳಕಿಗೆ ಎತ್ತಿ ತಿರುಗಿಸಿ ನೋಡದೆ ಇರಲು ಅವಳೇನು ಕಲ್ಲೇ? ಎಂಥ ಕೆಲಸ! ಒಂದೊಂದು ಕೂಡಿಕೆಯಲ್ಲೂ ಬೆಸುಗೆಯ ಸೀಸ ನೀರಿನ ಹಾಗೆ ಹರಿದು, ತೆಳ್ಳಗೆ, ಹೊಳೆಯುತ್ತ ಕೂತಿತ್ತು. ಹೊಟ್ಟೆಕಿಚ್ಚಾಯಿತು ಅವಳಿಗೆ. ಹಾಗೆ ನೋಡುತ್ತ ನೋಡುತ್ತ ಎಡಗಡೆಗೆ ಬಂದಳು. ಎಡಗಡೆಯ ಉದ್ದ ತಂತಿ ಹಿಂದಿನ ಹಿತ್ತಾಳೆ ಪಟ್ಟಿಗೆ ಸೇರುವ ಕಡೆ ಸೀಸವೇನೋ ಇತ್ತು. ಆದರೆ ಹರಿದಿರಲಿಲ್ಲ. ಕೆಸುವಿನ ಎಲೆಯ ಮೇಲಿನ ಹನಿಯಂತೆ ಉಂಡೆಯಾಗಿ ಕೂತಿತ್ತು. ಉಗುರಿನಿಂದ ತಂತಿಯನ್ನು ಅಲ್ಲಾಡಿಸಿದಳು. ಉಂಡೆಯ ಒಳಗೇ ತಂತಿ ಅತ್ತಿತ್ತ ಜಾರಿತು.

ಹಿಡಿದೇ ಇರಲಿಲ್ಲ ಆ ಬೆಸುಗೆ. ಕಟ್ಟಿದ ದಿನದಿಂದಲೂ ಹಿಡಿದಿರಲಿಲ್ಲ! ಊರಿಗೆಲ್ಲ ಬುದ್ಧಿ ಹೇಳುವ ಅಣ್ಣನ ಚಾಸಿಯಲ್ಲಿ!

ಮೊದಲು ನಗು ಬಂತು. ಆಮೇಲೆ ಕೈ ತುರಿಸತೊಡಗಿತು. ಐರನ್ ಕೆಳಗಿಟ್ಟಳು, ಕಿಟಕಿಯವರೆಗೆ ಹೋದಳು, ವಾಪಸ್ಸು ಬಂದಳು. ಬೇರೆ ಯಾವುದಕ್ಕೂ ಕೈ ಹಾಕಬೇಡ ಎಂದಿದ್ದ. ಸರಿ. ಆದರೆ ಅವನಿಗೆ ಗೊತ್ತಿದ್ದರೆ ಹಾಗೆ ಹೇಳುತ್ತಿದ್ದನೇ? ಭಾನುವಾರ ಓಡುವಾಗ ಇದೇ ಕಡೆ ಕಿತ್ತುಬಂದರೆ? ಒಳಗಿನ ಕೋಣೆಗೆ ಹೋಗಿ ನೀರು ಕುಡಿದಳು. ಬಾಯಿಯಿಲ್ಲದ ಹಲ್ಲುಸೆಟ್ಟುಗಳೆಲ್ಲ ಕಪಾಟಿನಿಂದ ಅವಳನ್ನೇ ನೋಡಿ ಹಲ್ಲು ಕಿರಿಯುತ್ತಿದ್ದವು. ಹಾಳಾಗಿ ಹೋಗಲಿ ಎಂದುಕೊಂಡು ಬಂದು ಕೂತೇಬಿಟ್ಟಳು. ಹಳೆಯ ಸೀಸ ತೆಗೆದು, ಎಮೆರಿ ಕಾಗದದಿಂದ ತಂತಿಯನ್ನು ಬೆಳ್ಳಗೆ ಉಜ್ಜಿ, ಸೀಸ ಹರಿದು ಹಿಡಿಯಲೆಂದು ಫ್ಲಕ್ಸ್ ಸವರಿ, ಐರನ್ ತುದಿಯನ್ನು ಹಿತ್ತಾಳೆಗೂ ಉಕ್ಕಿಗೂ ಒಟ್ಟಿಗೆ ತಾಗುವಂತೆ ಇಟ್ಟು ಕಾದಳು. ಎರಡೂ ಸಮನಾಗಿ ಬಿಸಿಯಾದ ಗಳಿಗೆಯಲ್ಲಿ ಸೀಸ ಸರ್ರನೆ ಸಂದಿಯೊಳಗೆ ಇಳಿಯಿತು. ಸೋಡಾ ಹಾಕಿದ ನೀರಿನಲ್ಲಿ ತೊಳೆದು ಒರೆಸಿ ನೋಡಿದರೆ ಅಣ್ಣನ ಬೆಸುಗೆ ಯಾವುದು, ತಂಗಿಯ ಬೆಸುಗೆ ಯಾವುದು ಎಂದು ಹೇಳುವ ಹಾಗಿರಲಿಲ್ಲ.

ಒಳ್ಳೆಯ ಕೈಯವರು ಮಾತ್ರ ಮಾಡಬಲ್ಲ ತಪ್ಪು ಅದು. ಅರೆಬರೆ ಕೆಲಸದವರಾಗಿದ್ದರೆ ಆ ಉಂಡೆಯನ್ನು ಗಮನಿಸುತ್ತಲೇ ಇರಲಿಲ್ಲ, ಬದುಕಿಕೊಳ್ಳುತ್ತಿದ್ದರು.

ಶುಕ್ರವಾರ ಸಂಜೆ ಕ್ಲಬ್ಬಿನಲ್ಲಿ ಗಾಡಿ ಓಡಿಸಿ ನೋಡುವುದೆಂದಾಯಿತು. ಕ್ಲಬ್ಬೆಂದರೆ ಹಾಸುಗಂಬಳಿಯ ಗೋದಾಮಿನ ಮೇಲಿನ ಉದ್ದ ಹಜಾರ. ನಡುವೆ ಸೊಂಟದೆತ್ತರಕ್ಕೆ ಹಾವಿನಂತೆ ಸುತ್ತಿ ಮಲಗಿದ ಮರದ ಟ್ರ್ಯಾಕು, ತಿರುವುಗಳ ಹೊರಗಡೆ ಬಿದ್ದ ಗಾಡಿಗಳಿಗೆ ಪೆಟ್ಟಾಗದಿರಲಿ ಎಂದು ದಪ್ಪ ಸ್ಪಂಜು, ಮೂಲೆಯಲ್ಲಿ ರಿಪೇರಿಯ ಮೇಜು. ಕ್ಲಬ್ಬಿಗೆ ಹಿರಿಯರೆಂದರೆ ಗಡಿಯಾರದ ಅಂಗಡಿಯವರು. ಎಲ್ಲರೂ ಗಡಿಯಾರದವರು ಎಂದೇ ಕರೆಯುತ್ತಾರೆ. ಹೊತ್ತು ಹಿಡಿಯುವುದೂ ಅವರೇ, ಟ್ರ್ಯಾಕಿನ ಕರೆಂಟಿನ ಸ್ವಿಚ್ಚೂ ಅವರ ಕೈಯಲ್ಲೇ. ಹಳೆಯ ಗಾಡಿಗಳು ಒಂದಕ್ಕೊಂದು ಗುದ್ದಿ ಹಾಳಾಗಬಾರದೆಂದು ಅವುಗಳನ್ನು ಒಂದೊಂದಾಗಿಯೇ ಓಡಿಸುತ್ತಾರೆ.

ಅಣ್ಣ ಹಳದಿಯನ್ನು ಸೀಳಿನಲ್ಲಿಟ್ಟು ಗುಂಡಿ ಒತ್ತಿದ. ಮೊದಲ ತಿರುವು ದಾಟಿತು. ಕಿಟಕಿಯ ಕಡೆಯ ದೊಡ್ಡ ತಿರುವಿಗೆ ಬಂದದ್ದೇ ತಡ, ಹಿಂಭಾಗ ಮರಗಟ್ಟಿದ ಹಾಗೆ ಬಿಗಿದುಕೊಂಡು ಎದ್ದು, ಹಾರಿ ಸ್ಪಂಜಿಗೆ ಬಿತ್ತು. ಮತ್ತೆ ಇಟ್ಟರು. ಮತ್ತೆ ಬಿತ್ತು.

ಪಾದರಸಕ್ಕೆ ತಕ್ಷಣ ಹೊಳೆಯಿತು. ಎಡಗಡೆಯ ತಂತಿ ಸಡಿಲವಾಗಿದ್ದದ್ದರಿಂದಲೇ ತಿರುವಿನಲ್ಲಿ ಚಾಸಿ ಬಳುಕುತ್ತಿತ್ತು, ಬಳುಕುತ್ತಿದ್ದದ್ದರಿಂದಲೇ ನೆಲ ಬಿಡದೆ ಓಡುತ್ತಿತ್ತು. ಅವಳು ಅದರ ಸೊಂಟಕ್ಕೆ ಕೋಲು ಕಟ್ಟಿಬಿಟ್ಟಿದ್ದಳು.

ಅಣ್ಣ ಈಗ ಬಯ್ಯುತ್ತಾನೆ ಎಂದು ಕಾದಳು. ಅವನು ಬಯ್ಯಲಿಲ್ಲ. ಟೀ ಆರಿದ್ದಕ್ಕೂ ರಂಪ ಮಾಡುವವನು, ಗಾಡಿಯನ್ನು ಕೈಯಲ್ಲಿ ಹಿಡಿದುಕೊಂಡು, ಹೆಬ್ಬೆರಳಿನಿಂದ ಅಡಿಯನ್ನು ಒಮ್ಮೆ ಸವರಿ, "ಟೈರು ಒಣಗಿದೆ," ಎಂದು ಮಾತ್ರ ಹೇಳಿದ. ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

"ಟೈರು!" ಎಂದರು ಅತ್ತಿಗೆ. "ಸೋಮವಾರಕ್ಕೆ ಆಟೋ ಹೇಳ್ಬಿಡ್ಲಾ?"

"ಭಾನುವಾರ ಇನ್ನೂ ಆಗಿಲ್ಲ," ಎಂದು ಅಣ್ಣ ಎದ್ದು ಹೋದ. ಬಾಗಿಲಿನ ಚೌಕಟ್ಟನ್ನು ಕೈಯಿಂದ ತಡವಿ ಹುಡುಕಿ ಹೊರಗೆ ಹೆಜ್ಜೆಯಿಟ್ಟ.

ಅಂದು ಅವಳು ಅನುಭವಿಸಿದ ತಳಮಳ ಶತ್ರುವಿಗೂ ಬೇಡ ಅನ್ನಬೇಕು. ಗಾಡಿಯ ತಪ್ಪನ್ನು ಅಣ್ಣನ ಕಣ್ಣಿನ ಮೇಲೆ ಹೊರಿಸಿದ ಹಾಗಾಗಿತ್ತು. ಕಣ್ಣು ಪೂರ್ತಿ ಹೋಯಿತೆಂದು ಅವನೇ ನಂಬಿಬಿಟ್ಟರೆ? ಹೇಳಿಬಿಡಬೇಕು. ಏನೆಂದು ಹೇಳುವುದು? 'ಅಣ್ಣಾ, ನೀನು ಇಷ್ಟು ಕಾಲ ಗೆದ್ದದ್ದು ನಿನ್ನ ಕೆಲಸದಿಂದ ಅಲ್ಲ, ನಿನ್ನ ಒಂದು ತಪ್ಪಿನಿಂದ' ಎಂದು? ಕಣ್ಣು ಹೋಗುತ್ತಿರುವ ಮನುಷ್ಯನಿಂದ ಕೈಯ ಹೆಮ್ಮೆಯನ್ನೂ ಕಿತ್ತುಕೊಳ್ಳುವುದೇ? ಸೂಜಿ ಹಾಕಿಸುವುದಾದರೆ ನ್ಯಾಯವಾಗಿ ಹಾಕಿಸಲಿ, ನನ್ನ ಬೆಸುಗೆಯ ಮೋಸದಿಂದ ಬೇಡ ಎಂದುಕೊಂಡಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಬಂದಳು, ಎರಡು ನಿಲ್ದಾಣ ಮೊದಲೇ ಇಳಿದು ನಡೆದಳು.

ಶನಿವಾರ ಬೆಳಿಗ್ಗೆ ಅಣ್ಣನ ಮನೆಗೆ ಹೋಗಿ, "ಕೊಳವೆ ಇನ್ನೊಂದ್ಸಲ ನೋಡ್ತೀನಿ, ಸ್ವಲ್ಪ ಓರೆಯಾಗಿದೆ ಅನ್ಸುತ್ತೆ," ಎಂದು ಸುಳ್ಳು ಹೇಳಿ ಗಾಡಿ ತಂದಳು. ಅಣ್ಣ ಒಂದು ಪ್ರಶ್ನೆಯನ್ನೂ ಕೇಳದೆ ಕೊಟ್ಟ. "ಮೊದಲು ಹೇಗಿತ್ತೋ ಹಾಗಿದ್ರೆ ಸಾಕು," ಎಂದ. ಆ ಮಾತು ಕೂಡ ಅವಳಿಗೆ ಕೊಳವೆಯ ಬಗ್ಗೆಯೇ ಹೇಳಿದಂತೆ ಕೇಳಿಸಿತು.

ಬೆಸುಗೆ ಬಿಚ್ಚುವುದು ಸುಲಭ. ಕೆಟ್ಟ ಬೆಸುಗೆ ಹಾಕುವುದು ಎಷ್ಟು ಕಷ್ಟ ಎಂದು ಅವಳಿಗೆ ಅಂದು ತಿಳಿಯಿತು. ಕೈ ಕೇಳಬೇಕಲ್ಲ! ಬೇಗ ಎತ್ತಿದರೂ ಹಿಡಿಯಿತು. ಫ್ಲಕ್ಸ್ ಇಲ್ಲದೆ ಹಾಕಿದರೂ, ಬೇಡವೆಂದರೂ, ಹಿಡಿಯಿತು. "ಥೂ ನಿನ್ನ," ಎಂದು ತನ್ನ ಕೈಗೇ ಬಯ್ದಳು. ಕೊನೆಗೆ ಲ್ಯಾಬಿನ ಉಪಾಯವೇ ನೆನಪಾಯಿತು: ಸೀಸ ಎಲ್ಲಿಗೆ ಹರಿಯಬಾರದೋ ಅಲ್ಲಿ ಪೆನ್ಸಿಲಿನಿಂದ ಗೀಚುವುದು. ತಂತಿಯ ತುದಿಗೆ ಸುತ್ತಲೂ ದಟ್ಟವಾಗಿ ಪೆನ್ಸಿಲು ಬಳಿದು, ಮೇಲೆ ಸೀಸ ಬಿಟ್ಟಳು. ಹಿತ್ತಾಳೆಗೆ ಅಂಟಿಕೊಂಡು, ತಂತಿಯ ಸುತ್ತ ಬರೀ ಉಂಗುರವಾಗಿ ಕೂತಿತು. ಉಗುರಿನಿಂದ ಅಲ್ಲಾಡಿಸಿದರೆ ತಂತಿ ಜಾರಿತು. ನೋಡಲು ಅಸಹ್ಯವಾಗಿತ್ತು. ಅಂಥದ್ದನ್ನು ಬೇರೆ ಯಾರಾದರೂ ಮಾಡಿ ತಂದಿದ್ದರೆ ಮುಖಕ್ಕೆ ಎಸೆಯುತ್ತಿದ್ದಳು.

ಭಾನುವಾರ ಹಜಾರದಲ್ಲಿ ಜನ ತುಂಬಿದ್ದರು. ಓಟಕ್ಕೆ ಮೊದಲು ಎಲ್ಲರಿಗೂ ಒಂದಿಷ್ಟು ಹೊತ್ತು ಓಡಿಸಿ ನೋಡಲು ಬಿಡುತ್ತಾರೆ. ಅಣ್ಣನ ಸರದಿ ಬಂತು. ಹಳದಿ ಹೊರಟಿತು, ಸ್ವಾಮೀ, ಹೊರಟಿತು ಅಂದರೆ ಹೇಗೆ! ದೊಡ್ಡ ತಿರುವಿನಲ್ಲಿ ಕಿಣಿಕಿಣಿ ಎಂದು ಸಣ್ಣಗೆ ಸದ್ದು ಮಾಡುತ್ತ, ಸೊಂಟ ಬಳುಕಿಸಿ, ಮಿಂಚಿಕೊಂಡು ದಾಟಿತು. ಜನ ಹೋ ಎಂದರು. ಅಣ್ಣನ ಮುಖ ಅರಳಿತು. "ಎಲ್ಲೇ, ನೋಡಿದ್ಯಾ?" ಎಂದು ಹೆಂಡತಿಯ ಕಡೆಗೆ ಕೂಗಿದ. "ಕಣ್ಣು ಕೆಟ್ಟಿದೆ ಅಂತೆ! ಆಟೋದವನಿಗೆ ಬರೋದು ಬೇಡ ಅನ್ನು!" ಅತ್ತಿಗೆ ಕಿಟಕಿಯ ಬೆಂಚಿನ ಮೇಲೆ ಕಿತ್ತಳೆ ಬಿಡಿಸುತ್ತ ಕೂತಿದ್ದರು. ಸೋತ ಮುಖ. ಆದರೂ ಏನೋ ಸಮಾಧಾನ, ಗಂಡನ ಕಣ್ಣು ನಿಜವಾಗಿಯೂ ಚೆನ್ನಾಗಿದೆಯೇನೋ ಎಂಬ ಆಸೆ.

ಪಾದರಸಕ್ಕೂ ಖುಷಿಯಾಯಿತು. ಸುಳ್ಳೇಕೆ, ಕುಣಿಯುವ ಹಾಗಾಯಿತು. ಅಷ್ಟರಲ್ಲಿ ರಿಪೇರಿ ಮೇಜಿನ ಹತ್ತಿರ ಯಾರೋ ಟೈರು ಬೆಚ್ಚಗೆ ಮಾಡಲು ಕೂದಲು ಒಣಗಿಸುವ ಯಂತ್ರ ಹಚ್ಚಿದರು. ಭರ್ರೋ ಎಂದು ಸದ್ದು. ಹಳದಿ ನೇರ ದಾರಿಯಲ್ಲಿ, ಎದುರಿಗೆ ಏನೂ ಇಲ್ಲದ ಕಡೆ, ತಟಕ್ಕನೆ ನಿಂತುಬಿಟ್ಟಿತು.

"ನಿಲ್ಸ್ರೀ ಅದನ್ನ!" ಎಂದು ಅಣ್ಣ ಕಿರುಚಿದ.

ಜನ ನಕ್ಕರು. ಮುದುಕರ ಮೂಗಿನ ತುದಿಯ ಕೋಪ ಎಂದುಕೊಂಡರು. ಸದ್ದು ನಿಂತಿತು, ಗಾಡಿ ಹೊರಟಿತು. ಪಾದರಸ ನಗಲಿಲ್ಲ. ಟ್ರ್ಯಾಕು ಸುತ್ತಿಕೊಂಡು ಹೋಗಿ, ಅಣ್ಣನಿಗೂ ದೊಡ್ಡ ತಿರುವಿಗೂ ನಡುವೆ, ತಿರುವು ಪೂರ್ತಿ ಮರೆಯಾಗುವಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಓಡಿಸುವವನ ನೋಟಕ್ಕೆ ಅಡ್ಡ ನಿಂತವರನ್ನು ಅಣ್ಣ ಹಿಂದೆಲ್ಲ ಜನ್ಮ ಜಾಲಾಡುತ್ತಿದ್ದ. ಈಗ ತುಟಿಪಿಟಕ್ಕೆನ್ನಲಿಲ್ಲ. ಅವಳ ಬೆನ್ನ ಹಿಂದೆ ಕಿಣಿಕಿಣಿ ಸದ್ದಾಯಿತು, ಸದ್ದಿಗೆ ಸರಿಯಾಗಿ ಅಣ್ಣನ ಬೆರಳು ಸಡಿಲವಾಯಿತು, ಗಾಡಿ ದಾಟಿತು. ಅಣ್ಣನ ಕಣ್ಣು ಎಲ್ಲಿಯೂ ಇರಲಿಲ್ಲ. ತಲೆ ಒಂದು ಪಕ್ಕಕ್ಕೆ ವಾಲಿತ್ತು, ಲಿಫ್ಟಿನ ಕಂಡಿಯ ಬಾಯಲ್ಲಿ ನಿಂತು ಹಗ್ಗದ ಸದ್ದು ಕೇಳುತ್ತಿದ್ದಾಗಿನ ಹಾಗೆ.

ಅವನು ಓಡಿಸುತ್ತಿದ್ದದ್ದು ಕಿವಿಯಿಂದ.

ಸರದಿ ಮುಗಿದ ಮೇಲೆ ಅವಳು ಅವನನ್ನು ತೋಳು ಹಿಡಿದು ರಿಪೇರಿ ಮೇಜಿನ ಹತ್ತಿರ ಎಳೆದುಕೊಂಡು ಹೋದಳು.

"ನಿನಗೆ ಗಾಡಿ ಕಾಣಿಸ್ತಾ ಇಲ್ಲ."

"ಯಾರ್ ಹೇಳಿದ್ದು? ಹಳದಿ ಬಣ್ಣ ಯಾಕೆ ಹೊಡ್ದಿದೀನಿ ಮತ್ತೆ?"

"ನಾನು ಎಲ್ಲಿ ನಿಂತಿದ್ದೆ ಈಗ? ಹೇಳು ನೋಡೋಣ."

ಅಣ್ಣ ಗಾಡಿಯನ್ನು ಮಗುಚಿ, ಎಡಗಡೆಯ ತಂತಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿದ. "ಶುಕ್ರವಾರದ ಹೊತ್ತಿಗೆ ಇದರ ಬಾಯಿ ಕಟ್ಟಿದ್ದೆ ನೀನು. ನಿನ್ನೆ ಬಿಚ್ಚಿದೀಯ. ಪುಣ್ಯ ಕಟ್ಕೊಂಡೆ."

"ನಿಂಗೆ ಗೊತ್ತಿತ್ತಾ ಇದು ಹಿಡಿದಿಲ್ಲ ಅಂತ?"

"ಕಟ್ಟಿದ ವರ್ಷವೇ ಗೊತ್ತಾಯ್ತು. ಗೆಲ್ತಾ ಇತ್ತು, ಬಿಟ್ಟೆ. ಯಾರ್ ಹತ್ರ ಹೇಳ್ಕೊಳ್ಳಲಿ? ಆಮೇಲೆ ಕಣ್ಣು ಮಸುಕಾದಾಗ ನೋಡು, ಇದರ ಸದ್ದೇ ಕೈ ಹಿಡೀತು. ದೊಡ್ಡ ತಿರುವು ಬಂತು ಅಂತ ಇದೇ ಹೇಳುತ್ತೆ."

"ಹಾಗಾದ್ರೆ ಅತ್ತಿಗೆ ಜೊತೆ ಕಟ್ಟಿದ ಪಂದ್ಯ?"

"ಐದು ಸುತ್ತು ಬೀಳಿಸದೆ ಓಡಿಸ್ಬೇಕು ಅಂದ್ಲು. ಕಣ್ಣಿಂದ ಓಡಿಸ್ಬೇಕು ಅಂತ ಅಂದಿಲ್ಲ," ಎಂದು ಅವನು ನಗಲು ನೋಡಿದ. ನಗು ಬರಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದ: "ಕಣ್ಣು ಬಿಟ್ಕೊಂಡು, ಸೂಜಿ ಹತ್ರ ಬರೋದನ್ನ ನೋಡ್ತಾ ಮಲಗ್ಬೇಕು ಕಣೇ. ನನ್ನ ಕೈಲಾಗಲ್ಲ."

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮೇಜಿನ ಸುತ್ತ ಒಂದು ಸುತ್ತು ಹಾಕಿದಳು, ಇನ್ನೊಂದು ಸುತ್ತು ಹಾಕಿದಳು. "ಕೈಲಾಗಲ್ಲ ಅಂತ ಅತ್ತಿಗೆಗೆ ಹೇಳು. ಕಾಣಲ್ಲ ಅಂತ ಹೇಳು. ಈಗ್ಲೇ. ಇಲ್ದಿದ್ರೆ ಇದನ್ನ ಇಲ್ಲೇ ಬೆಸೆದುಬಿಡ್ತೀನಿ, ನೋಡು."

"ಹೆದರಿಸ್ತೀಯಾ ನನ್ನನ್ನ?"

"ಹೂಂ."

"ಬೆಸಿ," ಎಂದ ಅಣ್ಣ. ಕತ್ತಿನ ನರ ಉಬ್ಬಿತ್ತು. "ಬೆಸಿ, ನಾನೂ ನೋಡ್ತೀನಿ. ಆ ಟ್ರ್ಯಾಕು ನನಗೆ ನಿದ್ದೇಲೂ ಗೊತ್ತು. ಸದ್ದು ಇಲ್ದಿದ್ರೂ ಐದು ಸುತ್ತು ಓಡಿಸ್ತೀನಿ. ಓಡಿಸಿದ ಮೇಲೆ ನೀವಿಬ್ರೂ ನನ್ನ ಕಣ್ಣಿನ ಸುದ್ದಿಗೆ ಬರ್ಬಾರ್ದು."

ಅವನು ಹೆದರಿ ಒಪ್ಪುತ್ತಾನೆ ಎಂದುಕೊಂಡಿದ್ದಳು. ಈಗ ಐರನ್ ಕಾದಿತ್ತು, ಗಾಡಿ ಎದುರಿಗಿತ್ತು. ನಾನು ಇದನ್ನು ಬೆಸೆದರೆ ಅವನು ಬೀಳಿಸುತ್ತಾನೆ, ಇಷ್ಟು ಜನರೆದುರಿಗೆ. ಬೆಸೆಯದಿದ್ದರೆ ಗೆಲ್ಲುತ್ತಾನೆ, ಗೆದ್ದು ಕುರುಡನಾಗುತ್ತಾನೆ. ಅವಳು ಸೀಸದ ಉಂಗುರ ಕರಗಿಸಿ ತೆಗೆದು, ಸ್ಪಿರಿಟ್ಟಿನಿಂದ ಪೆನ್ಸಿಲಿನ ಮಸಿ ಒರೆಸಿ, ಎಮೆರಿಯಿಂದ ಉಜ್ಜಿ, ಫ್ಲಕ್ಸ್ ಸವರಿದಳು. ಕಣ್ಣಲ್ಲಿ ನೀರು ತುಂಬಿ ಸಂದಿ ಮಂಜಾಯಿತು. ರವಿಕೆಯ ತೋಳಿನಿಂದ ಒರೆಸಿಕೊಂಡಳು. ಐರನ್ ಇಟ್ಟಳು. ಕಾದಳು. ಎತ್ತಿಬಿಡು ಎಂದು ಜೀವ ಹೇಳುತ್ತಿತ್ತು. ಎತ್ತಲಿಲ್ಲ. ಫ್ಲಕ್ಸ್ ಚುಯ್ ಎಂದು ಹೊಗೆಯಾಡಿತು, ಸೀಸ ಹರಿದು ಇಳಿಯಿತು. ಹೊಳಪು ಆರುವವರೆಗೆ ಉಸಿರು ಬಿಡಲಿಲ್ಲ. ಅಣ್ಣ ಪಕ್ಕದಲ್ಲಿ ನಿಂತು ಆ ಚುಯ್ ಸದ್ದನ್ನು ಕೊನೆಯವರೆಗೆ ಕೇಳಿದ.

"ಮುಂದಿನದು ಹಳದಿ!" ಎಂದು ಗಡಿಯಾರದವರು ಕೂಗಿದರು.

ಮೊದಲ ಸುತ್ತು ಅಣ್ಣ ನಿಜಕ್ಕೂ ಓಡಿಸಿದ. ಮಾತಿಗೆ ತಪ್ಪಲಿಲ್ಲ. ನೆನಪಿನಿಂದಲೇ ಬೆರಳು ಒತ್ತಿ, ಬಿಟ್ಟು, ಒತ್ತಿ, ದೊಡ್ಡ ತಿರುವನ್ನು ನಿಧಾನವಾಗಿ ದಾಟಿಸಿದ. ಎರಡನೇ ಸುತ್ತಿನಲ್ಲೂ ದಾಟಿಸಿದ. ಪಾದರಸ ಟ್ರ್ಯಾಕಿನ ಪಕ್ಕದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ಬೀಳಲಿ ಎಂದು ಒಂದು ಹೆಜ್ಜೆ, ಬೀಳದಿರಲಿ ಎಂದು ಇನ್ನೊಂದು. ಮೂರನೇ ಸುತ್ತಿನಲ್ಲಿ ಅವನಿಗೆ ಧೈರ್ಯ ಬಂದು ವೇಗ ಹೆಚ್ಚಿಸಿದ. ಗಾಡಿ ಅವನ ಲೆಕ್ಕಕ್ಕಿಂತ ಮೊದಲೇ ಬಂದುಬಿಟ್ಟಿತು. ಅಣ್ಣ ನಿಂತಿದ್ದ ಜಾಗಕ್ಕೆ ನೇರ ಎದುರಿನ ಸಣ್ಣ ತಿರುವಿನಲ್ಲಿ, ಅವನ ಹೊಟ್ಟೆಯಿಂದ ಒಂದು ಮೊಳ ದೂರದಲ್ಲಿ, ಅದು ಸೀಳಿನಿಂದೆದ್ದು ಸ್ಪಂಜಿನ ಮೇಲೆ ಮಗುಚಿಕೊಂಡಿತು. ಮೆತ್ತಗೆ. ಸದ್ದೇ ಆಗಲಿಲ್ಲ.

ಹಜಾರ ಸ್ತಬ್ಧವಾಯಿತು. ಅಣ್ಣ ಗುಂಡಿ ಒತ್ತಿಕೊಂಡೇ ಇದ್ದ. ಮುಖ ಕಿಟಕಿಯ ಕಡೆಗೆ, ತಲೆ ಪಕ್ಕಕ್ಕೆ ವಾಲಿಸಿ, ದೊಡ್ಡ ತಿರುವಿನಿಂದ ಗಾಡಿ ಬರುವುದನ್ನು ಕಾಯುತ್ತಿದ್ದ. ಒತ್ತಿದ, ಬಿಟ್ಟ, ಮತ್ತೆ ಒತ್ತಿದ.

"ಏನ್ರೀ ಗಡಿಯಾರದವರೇ," ಎಂದ, ರೇಗಿ. "ಮಧ್ಯದಲ್ಲಿ ಕರೆಂಟ್ ಯಾಕ್ರೀ ತೆಗೆದ್ರಿ?"

ಗಡಿಯಾರದವರು ಬಾಯಿ ತೆರೆದವರು ಹಾಗೆಯೇ ನಿಂತರು. ಅತ್ತಿಗೆಯ ಮಡಿಲಿನಿಂದ ಕಿತ್ತಳೆ ಸಿಪ್ಪೆಗಳು ನೆಲಕ್ಕೆ ಬಿದ್ದವು. ಅವರು ಬಂದು ಗಂಡನ ಮುಂಗೈ ಹಿಡಿದುಕೊಂಡರು.

"ಕರೆಂಟ್ ಇದೆ ಕಣ್ರೀ. ಗಾಡಿ ಬಿದ್ದಿದೆ."

"ಎಲ್ಲಿ?"

"ಇಲ್ಲೇ. ನಿಮ್ಮೆದುರಿಗೇ."

ಅಣ್ಣ ಕೈ ಚಾಚಿದ. ಗಾಳಿಯಲ್ಲಿ ತಡಕಾಡಿದ. ಅತ್ತಿಗೆ ಅವನ ಕೈಯನ್ನು ಗಾಡಿಯ ಮೇಲೆ ಇಡಲು ಹೋದರು. ಪಾದರಸ ಬೇಡವೆಂದು ತಲೆಯಲ್ಲಾಡಿಸಿದಳು. ಅವನೇ ಹುಡುಕಿಕೊಂಡ. ಎತ್ತಿ, ಮಗುಚಿ, ಎಡಗಡೆಯ ತಂತಿಯ ಉದ್ದಕ್ಕೂ ಹೆಬ್ಬೆರಳು ಎಳೆದ. ಉಗುರಿನಿಂದ ಮೀಟಿದ. ಇನ್ನೊಮ್ಮೆ ಬಲವಾಗಿ ಮೀಟಿದ.

"ಪಾದರಸ ಎಲ್ಲಿದಾಳೆ?"

"ಇಲ್ಲೇ ಇದೀನಿ," ಎಂದಳು ಅವಳು.

"ಹಾಳಾದೋಳೇ. ಚೆನ್ನಾಗಿ ಹಿಡ್ಸಿದೀಯ."

ಆ ಮಾತಿಗಾಗಿ ಅವಳು ಒಂದು ಆಯುಷ್ಯವೇ ಕಾದಿದ್ದಳು. ಬಂದಾಗ ಇಟ್ಟುಕೊಳ್ಳಲು ಜಾಗವಿಲ್ಲದೆ, ಎಲ್ಲರೆದುರಿಗೆ, ಬಾಯಿ ಬಿಟ್ಟು ಅತ್ತಳು. ಅಣ್ಣ ಅವಳ ಅಳುವಿನ ಕಡೆಗೆ ಒಂದು ಸಲ ಮುಖ ತಿರುಗಿಸಿ, ಆಮೇಲೆ ಹೆಂಡತಿಯ ಭುಜವನ್ನು ಹುಡುಕಿ ಹಿಡಿದುಕೊಂಡ.

"ನಾಳೆ ಎಷ್ಟು ಗಂಟೆಗೆ ಬರುತ್ತೆ ಆಟೋ?" ಎಂದು ಕೇಳಿದ.